ಎಡಗಡೆಯ ಪೆಡಲು

ಎರಡನೆಯ ಸಲ ಪೆಡಲು ಕಳಚಿ ಬಿದ್ದಾಗ ನನ್ನ ಸೈಕಲ್ಲಿನ ಹಿಂದಿನ ಪೆಟ್ಟಿಗೆಯಲ್ಲಿ ಏಳು ಜನರ ದವಡೆಗಳಿದ್ದವು.

ನಿಜವಾದ ದವಡೆಗಳಲ್ಲ, ಬಿಳಿ ಪುಡಿ ಕಲಸಿ ತೆಗೆದ ಅಚ್ಚುಗಳು. ಹಲ್ಲಿನ ಡಾಕ್ಟರುಗಳ ಬಳಿ ಹೋಗಿ ಅವನ್ನು ತರುವುದು, ಹಲ್ಲುಸೆಟ್ಟು ಮಾಡುವ ಕಾರ್ಖಾನೆಗೆ ಮುಟ್ಟಿಸುವುದು, ಸಿದ್ಧವಾದ ಸೆಟ್ಟುಗಳನ್ನು ಮರಳಿ ಡಾಕ್ಟರುಗಳಿಗೆ ಕೊಟ್ಟು ಬರುವುದು, ಇಷ್ಟು ನನ್ನ ಕೆಲಸ. ಸಂಜೆಯ ಸುತ್ತಿನಲ್ಲಿ ಸಿಕ್ಕ ಅಚ್ಚುಗಳು ಬೆಳಗಾಗುವವರೆಗೆ ನಮ್ಮ ಮನೆಯ ಕಪಾಟಿನಲ್ಲಿ ಸಾಲಾಗಿ ಕೂತಿರುತ್ತವೆ. ಬಾಯಲ್ಲಿ ಒಂದೂ ಹಲ್ಲಿಲ್ಲದ ನಮ್ಮಜ್ಜಿ ಅವುಗಳ ಎದುರಿಗೇ ಹಾಸಿಗೆ ಹಾಕಿಸಿಕೊಂಡಿದ್ದಾಳೆ. "ಎಷ್ಟು ಬಾಯಿ ಕೂತಿದ್ರೂ ಒಂದೂ ಎದುರು ಮಾತಾಡಲ್ಲ ನೋಡು. ನಿಮಗಿಂತ ಇವೇ ವಾಸಿ" ಎನ್ನುತ್ತಾಳೆ.

ಆ ದಿನ ಏಳರಲ್ಲಿ ಎರಡು ದವಡೆ ಒಡೆದವು. ಕಾರ್ಖಾನೆಯ ಯಜಮಾನಿ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿದರು. ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು.

"ಈ ದವಡೆಗಳ ಅಜ್ಜಂದಿರಿಬ್ರೂ ಇನ್ನೊಂದ್ಸಲ ಡಾಕ್ಟರ ಹತ್ರ ಬಂದು ಬಾಯಿ ತೆಗೆದು ಕೂರ್ಬೇಕು. ಮೊದಲನೇ ಸಲ ಆಯ್ತು, ಸುಮ್ಮನಿದ್ದೆ. ಎರಡನೇ ಸಲಾನೂ ಆಯ್ತು. ಮೂರನೇ ಸಲ ಆದ್ರೆ ಚೂರು ತಂದು ತೋರಿಸೋ ತೊಂದ್ರೆ ಬೇಡ, ಮನೇಲೇ ಇದ್ದುಬಿಡು. ಈ ಕೆಲಸ ಕೇಳ್ಕೊಂಡು ಬಂದಿದ್ದ ಸ್ಕೂಟರಿನವನು ನಾಳೆ ಕರೆದ್ರೆ ನಾಳೆನೇ ಬರ್ತಾನೆ."

ಮೂರು ವರ್ಷ ಬರೀ ಅರ್ಜಿ ಹಾಕಿ ಕೂತವಳಿಗೆ ಸಿಕ್ಕ ಮೊದಲ ಕೆಲಸ ಅದು. ಸೈಕಲ್ಲು ಹತ್ತಿದರೆ ನನಗೆ ರೆಕ್ಕೆ ಕುದುರೆ ಹತ್ತಿದ ಹಾಗಾಗುತ್ತಿತ್ತು. ಆ ಕುದುರೆಯ ಎಡಗಾಲನ್ನು ಯಾರೋ ಮುರಿಯುತ್ತಿದ್ದರು.

ಯಾರು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಎರಡು ಸಲವೂ ಪೆಡಲು ಕಳಚಿದ್ದು ಒಂದೇ ಜಾಗದಲ್ಲಿ, ಮನೆಯಿಂದ ಹೊರಟು ಏರು ಹತ್ತಿ ಮುಗಿಯುವ ತಿರುವಿನಲ್ಲಿ. ಆ ತಿರುವಿನಲ್ಲಿ ಇರುವುದೊಂದೇ ಅಂಗಡಿ, ಗ್ರೀಸಣ್ಣನ ಸೈಕಲ್ ರಿಪೇರಿ. ಮೊಣಕೈವರೆಗೂ ಕಪ್ಪು ಮೆತ್ತಿಕೊಂಡಿರುವ ಅವನಿಗೆ ಎಲ್ಲರೂ ಇಟ್ಟ ಹೆಸರು ಅದು. ಎರಡು ಸಲವೂ ನನ್ನನ್ನು ಎತ್ತಲು ಮೊದಲು ಓಡಿ ಬಂದವನು ಅವನೇ. "ಬಿದ್ದವಳನ್ನ ಎತ್ತೋಕೆ ಯಾರು ಮೊದಲು ಬರ್ತಾರೋ ಅವರ ಕಣ್ಣು ನೋಡ್ಬೇಕು ಕೂಸೇ" ಎಂದು ಅಜ್ಜಿ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ನೋಡಿದ್ದೆ. ಅವನ ಕಣ್ಣು ನನ್ನ ಮಂಡಿಯ ಗಾಯದ ಮೇಲಿರಲಿಲ್ಲ, ಪೆಡಲಿನ ಮೇಲಿತ್ತು.

ಇನ್ನೂ ಇದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ದಾರಿಯಲ್ಲಿ ತಡೆದು, "ತಂಗೀ, ಬರೀ ತಲೇಲಿ ಓಡಾಡ್ಬೇಡ" ಎಂದು ಹೆಲ್ಮೆಟ್ಟು ಹಾಕಿಸಿದವನು ಅವನು. ಗಲ್ಲದ ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟೇ ಜಾಗ ಬಿಡಬೇಕು, ಹೆಚ್ಚು ಬಿಟ್ಟರೆ ಬಿದ್ದಾಗ ಹಿಂದಕ್ಕೆ ಜಾರುತ್ತದೆ ಎಂದು ಪಾಠ ಮಾಡಿದ್ದ. ಬಿದ್ದಾಗ! ಬೀಳುತ್ತೇನೆಂದು ಇವನಿಗೆ ಮೊದಲೇ ಹೇಗೆ ಗೊತ್ತು?

"ತಲೆಗೆ ಟೋಪಿ ಹಾಕಿದ ಮೇಲೇ ತಾನೇ ನಿಜವಾದ ಟೋಪಿ ಹಾಕೋದು" ಎಂದಳು ಅಜ್ಜಿ, ಬೊಚ್ಚುಬಾಯಿ ತೆಗೆದು ನಗುತ್ತ.

ಆದರೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕಿದ್ದು ಎರಡನೆಯ ಸಲ ಬಿದ್ದ ದಿನ. ಅವನು ಪೆಡಲನ್ನು ಮತ್ತೆ ಕೂರಿಸುವಾಗ ನಾನು ಪಕ್ಕದಲ್ಲೇ ಮಂಡಿ ಒತ್ತಿಕೊಂಡು ನಿಂತಿದ್ದೆ. ಸ್ಪ್ಯಾನರು ಹಾಕಿ ತಿರುಗಿಸಿದ. ಎಡಕ್ಕೆ! ಹಗಲು ಬೆಳಕಲ್ಲಿ, ನನ್ನ ಕಣ್ಣೆದುರಿಗೇ, ಬಿಗಿ ಮಾಡುವ ನಾಟಕವಾಡುತ್ತ ಎಡಕ್ಕೆ ತಿರುಗಿಸಿದ!

ಬೇರೆಯವರಾಗಿದ್ದರೆ ಗಮನಿಸುತ್ತಿರಲಿಲ್ಲವೇನೋ. ನಾನು ವಾಲ್ವು ತಿರುಗಿಸುವವನ ಮಗಳು. ನಮ್ಮಪ್ಪ ಮೂವತ್ತಾರು ವರ್ಷ ಬೀದಿ ಬೀದಿಯ ನೀರಿನ ವಾಲ್ವುಗಳನ್ನು ತಿರುಗಿಸಿ ನಿವೃತ್ತನಾದವನು. ಬಲಕ್ಕೆ ಬಿಗಿ, ಎಡಕ್ಕೆ ಸಡಿಲ. ಅಕ್ಷರಕ್ಕಿಂತ ಮೊದಲು ನಾನು ಕಲಿತದ್ದು ಇದನ್ನೇ. ನಿವೃತ್ತಿಯಾದ ಮೇಲೂ ಅಪ್ಪನ ಕೈ ಸುಮ್ಮನಿರುವುದಿಲ್ಲ. ಮನೆಯಲ್ಲಿ ತಿರುಗುವಂಥದ್ದೆಲ್ಲವನ್ನೂ ಬಿಗಿ ಮಾಡುತ್ತ ಓಡಾಡುತ್ತಾನೆ. ನಮ್ಮ ಮನೆಯ ನಲ್ಲಿಗಳು ತೊಟ್ಟಿಕ್ಕುವುದಿಲ್ಲ, ನಿಜ. ಹಾಗೆಯೇ ಯಾವ ಡಬ್ಬಿಯ ಮುಚ್ಚಳವೂ ಬರುವುದಿಲ್ಲ. ಅಮ್ಮ ಸಕ್ಕರೆ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ತಿರುಚಿ, ನೆಲಕ್ಕೆ ಕುಟ್ಟಿ, "ನಿಮ್ಮಪ್ಪ ಮುಚ್ಚಿದ್ದನ್ನ ತೆಗೆಯೋಕೆ ಆ ದೇವರೇ ಇಳಿದು ಬರ್ಬೇಕು" ಎಂದು ಗೊಣಗುವುದು ನಮ್ಮ ಮನೆಯ ಸುಪ್ರಭಾತ.

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ.

"ಎಡಕ್ಕೆ ತಿರುಗಿಸಿದ್ನಾ? ಕಣ್ಣಾರೆ ನೋಡಿದ್ಯಾ?"

"ಇಷ್ಟು ಹತ್ತಿರದಿಂದ ಅಪ್ಪಾ."

ಅಪ್ಪ ಬಹಳ ಹೊತ್ತು ಮೀಸೆ ಸವರಿದ. "ಹಾಗೋ ವಿಷಯ" ಎಂದ.

ಮೂರೇ ದಿನಕ್ಕೆ ಪೆಡಲು ಮತ್ತೆ ಅಲ್ಲಾಡತೊಡಗಿತು. ಇನ್ನೇನು ಬೀಳಲಿರುವ ಹಾಲುಹಲ್ಲಿನ ಹಾಗೆ, ಕಾಲಿಟ್ಟರೆ ಒಮ್ಮೆ ಒಳಗೆ, ಒಮ್ಮೆ ಹೊರಗೆ. ಏರು ಹತ್ತುವಾಗ ಇಳಿದು ತಳ್ಳಿಕೊಂಡು ಹೋದೆ. ಗ್ರೀಸಣ್ಣ ಅಂಗಡಿಯಿಂದಲೇ ಕೂಗಿದ: "ಏನು ತಂಗೀ, ಸೈಕಲ್ಲಿಗೆ ವಾಕಿಂಗ್ ಮಾಡಿಸ್ತಿದೀಯಾ?"

ಹತ್ತಿರ ಬಂದು ಪೆಡಲು ಅಲ್ಲಾಡಿಸಿ ನೋಡಿದ. ಹುಬ್ಬು ಗಂಟಿಕ್ಕಿತು. "ಇದು ತಾನಾಗಿ ಬಿಚ್ಚೋ ಜಾತಿ ಅಲ್ಲ. ತಿರುಪಿನ ಥ್ರೆಡ್ಡೂ ಸವೆದಿಲ್ಲ. ಯಾರೋ ಬಿಚ್ತಿದಾರೆ ನೋಡು. ಮನೇಲಿ ಯಾರಾದ್ರೂ ಸೈಕಲ್ ಮುಟ್ತಾರಾ?"

ಕಳ್ಳನೇ ಕಳ್ಳ ಕಳ್ಳ ಎಂದು ಕೂಗುವುದನ್ನು ಕತೆಯಲ್ಲಿ ಕೇಳಿದ್ದೆ, ಎದುರಿಗೆ ಕಂಡದ್ದು ಅದೇ ಮೊದಲು. "ನಮ್ಮನೇಲಿ ಅಂಥವರು ಯಾರೂ ಇಲ್ಲ" ಎಂದು ಸೈಕಲ್ಲು ಕಿತ್ತುಕೊಂಡು ನಡೆದೆ. ಆ ದಿನ ಕಾರ್ಖಾನೆ ತಲುಪುವಾಗ ಮುಕ್ಕಾಲು ಗಂಟೆ ತಡ. ಯಜಮಾನಿ ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ.

ಅಲ್ಲೇ ನನಗೆ ಉಪಾಯ ಹೊಳೆಯಿತು. ಹಲ್ಲುಸೆಟ್ಟಿನ ಒಸಡು ಮಾಡುವ ಗುಲಾಬಿ ಪುಡಿಯೊಂದಿದೆ. ಬೆರಳಿಗೆ ಅಂಟಿದರೆ ಸುಲಭಕ್ಕೆ ಹೋಗುವುದಿಲ್ಲ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಚೆಲ್ಲಿದ್ದನ್ನು ಗುಡಿಸುವಾಗ ಒಂದು ಚಿಟಿಕೆ ಕಾಗದಕ್ಕೆ ಕಟ್ಟಿಕೊಂಡೆ. ಸಂಜೆ ಮನೆಯಲ್ಲಿ ಎಡಗಡೆ ಪೆಡಲಿನ ಬುಡಕ್ಕೆ ತೆಳ್ಳಗೆ ಎಣ್ಣೆ ಸವರಿ ಅದರ ಮೇಲೆ ಪುಡಿ ಉದುರಿಸಿದೆ. ನಾಳೆ ಗ್ರೀಸಣ್ಣ ಮುಟ್ಟಲಿ. ಕಪ್ಪು ಕೈಯಲ್ಲಿ ಗುಲಾಬಿ ಕಾಣದಿದ್ದರೂ ಅವನ ಹೆಗಲ ಟವೆಲಿಲ್ಲವೇ, ಅಂಗಡಿಯ ಬಿಳಿ ಬಾಗಿಲಿಲ್ಲವೇ?

ಮಲಗುವ ಮೊದಲು ಅಜ್ಜಿಯನ್ನು ಕೇಳಿದೆ. "ಅಜ್ಜೀ, ರಾಣಿಯ ಸರದಿಂದ ದಿನಾ ಒಂದೊಂದು ಮುತ್ತು ಕಾಣೆಯಾಗ್ತಿತ್ತಲ್ಲ, ಆ ಕತೇಲಿ ಕದ್ದಿದ್ದು ಯಾರು?"

"ಯಾರಿಗೆ ಗೊತ್ತು?"

"ನೀನೇ ಅಲ್ವಾ ಹೇಳಿದ್ದು!"

"ಅಡುಗೆಯವಳ ಮೇಲೆ ಅನುಮಾನ, ಕಾವಲಿನವನ ಮೇಲೆ ಅನುಮಾನ, ಅಲ್ಲಿಗೆ ಬರೋಷ್ಟರಲ್ಲಿ ನಿನಗೆ ನಿದ್ದೆ ಬಂದುಬಿಡೋದು. ಕೇಳೋರೇ ಇಲ್ದಿದ್ಮೇಲೆ ಮುಂದಿನದನ್ನ ಯಾಕೆ ಕಟ್ಲಿ ನಾನು?"

ಗಾಬರಿಯಾಯಿತು. ಅಂದರೆ ನಾನು ಬೆಳೆದದ್ದು ಬರೀ ಅನುಮಾನಗಳ ಮೇಲೆ. ಒಂದು ಕತೆಯ ಕೊನೆಯೂ ನನ್ನ ಬಳಿ ಇರಲಿಲ್ಲ.

ಬೆಳಗ್ಗೆ ಹಲ್ಲುಜ್ಜಿ ಒಳಗೆ ಬರುವಾಗ ಅಮ್ಮ ಎಂದಿನಂತೆ ಸಕ್ಕರೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. "ನೀನಾದ್ರೂ ತೆಗಿಯೇ, ನನ್ನ ಕೈ ಸೋತುಹೋಯ್ತು."

ಡಬ್ಬಿಯ ಬಿಳಿ ಮುಚ್ಚಳದ ಸುತ್ತ ಐದು ಬೆರಳಿನ ಗುರುತು. ಗುಲಾಬಿ ಬಣ್ಣ.

ಮುಚ್ಚಳ ಹಿಡಿದು ನಿಂತೇ ಇದ್ದೆ. ನಾನು ಕೆಲಸಕ್ಕೆ ಸೇರುವಾಗ ಅಪ್ಪ ಹೇಳಿದ್ದು ನೆನಪಾಯಿತು: "ಆ ಗಾಡಿಗಳ ಮಧ್ಯೆ ಸೈಕಲ್ಲಾ? ಬೇಡ ಪುಟ್ಟೀ, ಮನೇಲೇ ಏನಾದ್ರೂ ಮಾಡು." ಆಮೇಲೆ ಇದ್ದಕ್ಕಿದ್ದಂತೆ ಒಪ್ಪಿಬಿಟ್ಟಿದ್ದ. ಅಷ್ಟು ಸುಲಭವಾಗಿ ಯಾಕೆ ಒಪ್ಪಿದ? ಮಗಳು ಒಂದೆರಡು ಸಲ ಬಿದ್ದರೆ ತಾನಾಗಿಯೇ ಬಿಡುತ್ತಾಳೆ ಎಂದೇ? ಹಜಾರದಲ್ಲಿ ಅಪ್ಪ ಚಹಾಕ್ಕೆ ಕಾಯುತ್ತ ಕೂತಿದ್ದ. ಸೈಕಲ್ಲು ಕಲಿಸುವಾಗ ಇದೇ ಕೈ ನನ್ನ ಸೀಟು ಹಿಡಿದು ಮೈದಾನದ ಉದ್ದಕ್ಕೂ ಓಡಿತ್ತು. ಡಬ್ಬಿ ಹಿಡಿದೇ ಅವನೆದುರಿಗೆ ಹೋದೆ.

"ಅಪ್ಪಾ, ಕೈ ತೋರ್ಸು."

ಮಗುವಿನ ಹಾಗೆ ಎರಡೂ ಕೈ ಮುಂದೆ ಚಾಚಿದ. ಬಲಗೈ ಬೆರಳೆಲ್ಲ ಗುಲಾಬಿ. "ಇದೆಂಥದೋ, ಸೋಪು ಹಾಕಿ ಉಜ್ಜಿದ್ರೂ ಹೋಗ್ತಿಲ್ಲ ಕಣೇ."

"ನನ್ನ ಪೆಡಲು ಮುಟ್ಟಿದ್ಯಾ?"

"ಮುಟ್ಟದೆ? ದಿನಾ ನಾನೇ ಬಿಗಿ ಮಾಡೋದು!" ಅಪ್ಪನ ಎದೆ ಉಬ್ಬಿತು. "ಮೊದಲು ವಾರಕ್ಕೊಂದ್ಸಲ ನೋಡ್ತಿದ್ದೆ. ನೀನು ಮೊದಲ ಸಲ ಬಿದ್ದ ಮೇಲೆ ದಿನಾ ಒಂದು ಸುತ್ತು. ಅವನು ಎಡಕ್ಕೆ ತಿರುಗಿಸ್ತಾನೆ ಅಂದ್ಯಲ್ಲ, ಆವತ್ತಿನಿಂದ ಎರಡೆರಡು ಸುತ್ತು. ಬಲಗಡೆ ಪೆಡಲು ಅಲುಗಲ್ಲ, ಗಟ್ಟಿಯಾಗಿದೆ. ಎಡಗಡೆದು ಮಾತ್ರ ದಿನಾ ತಿರುಗುತ್ತೆ. ಅಂದ್ರೇನರ್ಥ? ಅವನು ದಿನಾ ಸಡಿಲ ಮಾಡ್ತಿದಾನೆ! ಬಾ, ಇವತ್ತು ಇತ್ಯರ್ಥ ಮಾಡೇಬಿಡೋಣ."

ಅಪ್ಪ ನನ್ನನ್ನು ಬೀಳಿಸಲು ನೋಡಿರಲಿಲ್ಲ, ಅಷ್ಟು ಸಮಾಧಾನವಾಯಿತು. ಆದರೆ ಒಗಟು ಬಿಡಲಿಲ್ಲ. ನಿನ್ನೆ ಗ್ರೀಸಣ್ಣನಿಗೆ ನಾನು ಸ್ಪ್ಯಾನರು ಹಾಕಲೇ ಬಿಟ್ಟಿರಲಿಲ್ಲವಲ್ಲ. ಮತ್ತೆ ಇವತ್ತೂ ತಿರುಗಿದ್ದು ಹೇಗೆ?

ಆ ದಿನ ಪೆಟ್ಟಿಗೆಯಲ್ಲಿ ಹನ್ನೊಂದು ದವಡೆಗಳು. ಅಪ್ಪ ಅದನ್ನು ಎದೆಗೊತ್ತಿಕೊಂಡು ಮುಂದೆ ನಡೆದ, ನಾನು ಸೈಕಲ್ಲು ತಳ್ಳಿಕೊಂಡು ಹಿಂದೆ. ಏರಿನ ಮಧ್ಯದಲ್ಲಿ ಪೆಡಲು ತಾನಾಗಿಯೇ ಕಳಚಿ ಟಣ್ ಎಂದು ರಸ್ತೆಗೆ ಬಿತ್ತು. ನಾನು ಹತ್ತಿ ಕೂತಿದ್ದರೆ ಹನ್ನೊಂದೂ ಚೂರಾಗುತ್ತಿದ್ದವು.

"ಏನ್ರೀ ಇದು?" ಅಪ್ಪ ಆ ಪೆಡಲನ್ನು ಗ್ರೀಸಣ್ಣನ ಮೂಗಿನ ಮುಂದೆ ಹಿಡಿದ. "ನನ್ನ ಮಗಳ ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಾ? ಬಿಗಿ ಮಾಡೋಕೆ ಯಾರಾದ್ರೂ ಎಡಕ್ಕೆ ತಿರುಗಿಸ್ತಾರೇನ್ರೀ?"

"ಯಜಮಾನ್ರೇ, ನೀವು ಯಾವ ಕಡೆ ತಿರುಗಿಸ್ತೀರಾ?"

"ಬಲಕ್ಕೆ! ಇಡೀ ಪ್ರಪಂಚ ತಿರುಗಿಸೋ ಹಾಗೆ!"

ಗ್ರೀಸಣ್ಣ ಅಪ್ಪನ ಗುಲಾಬಿ ಬೆರಳುಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಪೆಡಲನ್ನು ಅದರ ತೂತಿಗೆ ಹಿಡಿದು, ಸ್ಪ್ಯಾನರನ್ನು ಅಪ್ಪನ ಕೈಗಿಟ್ಟ. "ನೀವೇ ಹಾಕಿ."

ಅಪ್ಪ ಬಲಕ್ಕೆ ತಿರುಗಿಸಿದ. ಪೆಡಲು ಹಿಡಿಯಲಿಲ್ಲ. ಮತ್ತೆ ತಿರುಗಿಸಿದ. ಕೈಗೇ ಬಂತು.

"ಈಗ ನನ್ನ ಮಾತು ಕೇಳಿ ಒಂದ್ಸಲ ಎಡಕ್ಕೆ."

ಅಪ್ಪ ನನ್ನ ಕಡೆ ತಿರುಗಿದ. ನಾನು ತಲೆಯಾಡಿಸಿದೆ. ಎಡಕ್ಕೆ ತಿರುಗಿಸಿದ. ಪೆಡಲು ಒಂದೊಂದೇ ಸುತ್ತು ಒಳಗೆ ಹೋಗಿ ಗಟ್ಟಿಯಾಗಿ ಕೂತಿತು. ಇನ್ನೂ ಒತ್ತಿದ. ಅಲುಗಲಿಲ್ಲ.

"ಎಡಗಡೆ ಪೆಡಲಿಗೆ ಮಾತ್ರ ಥ್ರೆಡ್ಡು ಉಲ್ಟಾ ಇರುತ್ತೆ" ಎಂದ ಗ್ರೀಸಣ್ಣ, ಮೆತ್ತಗೆ. "ಬಲಗಡೆ ಥರಾನೇ ಇದ್ದಿದ್ರೆ ತುಳೀತಾ ತುಳೀತಾ ತಾನೇ ಬಿಚ್ಚಿಕೊಂಡುಬಿಡ್ತಿತ್ತು. ನೆನಪಿಟ್ಟುಕೊಳ್ಳೋದು ಸುಲಭ, ಎರಡೂ ಪೆಡಲು ಮುಂದಿನ ಚಕ್ರದ ಕಡೆ ತಿರುಗಿಸಿದ್ರೆ ಬಿಗಿ. ನಿಮ್ಮ ವಾಲ್ವು ನನಗೆ ಕೊಟ್ರೆ ನಾನೂ ಏನೋ ಒಂದು ಎಡವಟ್ಟು ಮಾಡ್ತಿದ್ದೆ."

ಅಪ್ಪ ಸ್ಪ್ಯಾನರನ್ನು ಹಿಂದಕ್ಕೆ ಕೊಡಲಿಲ್ಲ. ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕಲ್ಲಿನ ಮೇಲೆ ಕೂತುಬಿಟ್ಟ. "ನಾನೇ ಬೀಳಿಸ್ತಿದ್ನಲ್ಲೇ" ಎಂದ. ನೆಲ ನೋಡಿಕೊಂಡು ಹೇಳಿದ.

ನನಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. "ಗ್ರೀಸಣ್ಣಾ, ನಾನು ನಿಮ್ಮನ್ನ..." ಎಂದು ಶುರು ಮಾಡಿದೆ.

"ಗೊತ್ತಾಯ್ತು ಬಿಡು ತಂಗೀ. ದಿನಾ ನೀನು ನನ್ನ ಕೈನೇ ನೋಡ್ತಿದ್ದೆ. ಹಸ್ತ ನೋಡಿ ಭವಿಷ್ಯ ಹೇಳೋದು ಕಲೀತಿದೀಯೇನೋ ಅಂದ್ಕೊಂಡಿದ್ದೆ. ಹೊರಡೀಗ, ನಿನ್ನ ಬಾಯಿಗಳಿಗೆ ಹೊತ್ತಾಯ್ತು."

ಗ್ರೀಸಣ್ಣ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿದ. ಗಲ್ಲದ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿಕೊಂಡು ನಾನೇ ಅಳತೆ ನೋಡಿದೆ. ಸರಿಯಾಗಿತ್ತು. ಇಳಿಜಾರಿನಲ್ಲಿ ಕುದುರೆಯ ನಾಲ್ಕೂ ಕಾಲು ನೆಟ್ಟಗಿದ್ದವು. ಕಾರ್ಖಾನೆಯಲ್ಲಿ ಯಜಮಾನಿ ಹನ್ನೊಂದು ದವಡೆಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ಬಿರುಕು ಹುಡುಕಿದರು. ಸಿಗಲಿಲ್ಲ. "ಸರಿ, ಸ್ಕೂಟರಿನವನಿಗೆ ಬೇಡ ಅಂತೀನಿ" ಎಂದರು, ಸ್ವಲ್ಪ ಬೇಸರವಾದವರಂತೆ.

ಮರುದಿನ ಬೆಳಗ್ಗೆ ಅಪ್ಪ ಅಂಗಳಕ್ಕೆ ಬರಲಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಅಮ್ಮನ ಕೈಗೆ ಒಂದೇ ಸಲಕ್ಕೆ ಬಂದುಬಿಟ್ಟಿತು. ಅವಳು ಹೆದರಿ ನನ್ನ ಮುಖ ನೋಡಿದಳು.

ಸ್ಪ್ಯಾನರು ತಂದು ಅಪ್ಪನ ಮುಂದೆ ಹಿಡಿದೆ. "ಅಪ್ಪಾ, ಹೊರಡ್ತೀನಿ. ಒಂದ್ಸಲ ನೋಡ್ಕೊಡು."

"ನಾನಾ?"

"ಇನ್ಯಾರು? ಗ್ರೀಸಣ್ಣನಿಗೆ ಹೇಳ್ಲಾ?"

ಎದ್ದು ಬಂದ. ಬಲಗಡೆ ಪೆಡಲನ್ನು ಬಲಕ್ಕೆ ಒತ್ತಿ ನೋಡಿ ತಲೆಯಾಡಿಸಿದ. ಈ ಕಡೆಗೆ ಬಂದು ಎಡಗಡೆಯದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಒಮ್ಮೆ ಕಚ್ಚಿದ ನಾಯಿಯನ್ನು ನೋಡುವ ಹಾಗೆ ಅದನ್ನೇ ನೋಡಿದ. ಮುಂದಿನ ಚಕ್ರವನ್ನು ನೋಡಿದ, ಮತ್ತೆ ಪೆಡಲನ್ನು ನೋಡಿದ. ಸ್ಪ್ಯಾನರನ್ನು ಎಡಕ್ಕೆ ಒತ್ತಿದ. ಅಲುಗಲಿಲ್ಲ.

ಎದ್ದು ನಿಂತವನು ನನ್ನ ಹೆಲ್ಮೆಟ್ಟಿನ ಕೊಕ್ಕೆಯ ಕಡೆ ಕಣ್ಣು ಕಿರಿದು ಮಾಡಿದ.

"ಪುಟ್ಟೀ, ಇದು ನೆಟ್ಟಗಿದ್ಯೋ, ಇದೂ ಉಲ್ಟಾನೋ?"