ತಾರೀಖು ನನ್ನದು, ತಿಥಿ ಅಪ್ಪನದು

ಅಕ್ಟೋಬರ್ ಎರಡರಂದು ಹುಟ್ಟುವುದು ದೊಡ್ಡ ತಲೆನೋವು. ಗಾಂಧೀಜಿ ಹುಟ್ಟಿದ್ದು ಆವತ್ತೇ, ಶಾಸ್ತ್ರಿಯವರು ಹುಟ್ಟಿದ್ದೂ ಆವತ್ತೇ. ಸಂಸೆಯ ಶಾಲೆಯಲ್ಲಿ ಮೇಷ್ಟ್ರು ಇಬ್ಬರ ಪಟಕ್ಕೂ ಹೂ ಹಾಕಿ, "ನಮ್ಮ ಗಿರಿಜಾಂಬಾ ಹುಟ್ಟಿದ್ದೂ ಇವತ್ತೇ, ಹಾಗಾಗಿ ಇವಳು ಸುಳ್ಳು ಹೇಳೋ ಹಾಗಿಲ್ಲ" ಎಂದು ವರ್ಷಾ ವರ್ಷಾ ನಗಿಸುತ್ತಿದ್ದರು. ನನಗೆ ಶಾಸ್ತ್ರಿಯವರ ಬಗ್ಗೆ ಪಾಪ ಅನ್ನಿಸುತ್ತಿತ್ತು. ಅವರ ಪಟದ ಹಾರ ಯಾವಾಗಲೂ ಸಣ್ಣದು.

ನನ್ನ ಪಾಲಿಗೆ ಆ ದಿನಕ್ಕೆ ಇನ್ನೊಂದು ಅರ್ಥವೂ ಇತ್ತು. ೧೯೬೬ರಲ್ಲಿ ನಾನು ಹುಟ್ಟಿದ ದಿನವೇ ಅಪ್ಪ ತೋಟದ ಜೀಪಿನೊಂದಿಗೆ ಕಳಸದ ದಾರಿಯಲ್ಲಿ ಹೊಳೆಗೆ ಉರುಳಿ ತೀರಿಕೊಂಡಿದ್ದರು. ಹೆರಿಗೆಗೆ ನರ್ಸನ್ನು ಕರೆತರಲು ಹೊರಟಿದ್ದರು ಎಂದೇ ಊರೆಲ್ಲ ಹೇಳುತ್ತಿತ್ತು. "ಅಪ್ಪನ್ನ ನುಂಗಿಕೊಂಡು ಹುಟ್ಟಿದವಳು" ಎಂದು ನೆಂಟರು ಪಿಸುಗುಡುವುದನ್ನು ಕೇಳಿಯೇ ಬೆಳೆದೆ. ಅದಕ್ಕಿಂತ, ನನ್ನ ಮುಖವನ್ನೂ ನೋಡದೆ ಹೋದರಲ್ಲ ಎಂಬ ನೋವು ದೊಡ್ಡದಿತ್ತು.

ಅಮ್ಮ ಭಾಗಮ್ಮ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. ಶ್ರಾದ್ಧ ನಡೆಯುವುದು ಪಂಚಾಂಗದ ತಿಥಿಗೆ. ಅದು ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತದೆ. "ತಿಥಿ ಅವ್ರದ್ದು, ತಾರೀಖು ನಿಂದು" ಎನ್ನುತ್ತಿದ್ದಳು. ಅಕ್ಟೋಬರ್ ಎರಡರ ಬೆಳಿಗ್ಗೆ ನನ್ನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಬಿಸಿ ಎಣ್ಣೆ ಒತ್ತುತ್ತಿದ್ದಳು. ಆ ಕೈ ನೆತ್ತಿಯ ಮೇಲಿದ್ದಷ್ಟು ಹೊತ್ತು, ನಾನು ಹುಟ್ಟಿದ್ದು ತಪ್ಪಲ್ಲ ಅನ್ನಿಸುತ್ತಿತ್ತು.

೧೯೮೫ರ ಯುಗಾದಿಗೆ ಹೊಸ ಪಂಚಾಂಗ ತಿರುವಿದ ಚಿಕ್ಕಪ್ಪ ಶಂಕರ, "ಈ ಸಲ ಅಣ್ಣನ ತಿಥಿ ಅಕ್ಟೋಬರ್ ಎರಡಕ್ಕೇ ಬಿತ್ತು" ಎಂದರು. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಹೀಗೆ ಕೂಡುತ್ತವಂತೆ. ಅಪ್ಪನ ಶ್ರಾದ್ಧ ಮಾಡುತ್ತಿದ್ದವರು ಅವರೇ. ಶ್ರಾದ್ಧದ ದಿನ ಮನೆಯಲ್ಲಿ ಯಾರೂ ತಲೆಗೆ ಎಣ್ಣೆ ಮುಟ್ಟಿಸುವಂತಿಲ್ಲ. "ಒಂದು ವರ್ಷ ಎಣ್ಣೆ ಇಲ್ದಿದ್ರೆ ಕೂದಲೇನೂ ಉದುರಿ ಹೋಗಲ್ಲ" ಎಂದು ನಾನೇ ಅಂದೆ. ಆದರೂ ನನ್ನದೆಂದು ಇದ್ದ ಒಂದೇ ಬೆಳಿಗ್ಗೆಯೂ ಬೇಕಾಯಿತೇ ಎಂದು ಅಪ್ಪನ ಮೇಲೇ ಸಿಟ್ಟು ಬಂತು.

ಆ ದಿನ ಎದ್ದು ಬಂದರೆ ಒಲೆಯ ಮುಂದೆ ಮಣೆ ಹಾಕಿತ್ತು. ಅಮ್ಮ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಳು.

ಮಡಿ ಉಟ್ಟ ಚಿಕ್ಕಪ್ಪ ಬಾಗಿಲಲ್ಲೇ ನಿಂತರು. "ಇದೆಂತ ಅತ್ತಿಗೆ, ಇವತ್ತು ಎಣ್ಣೆಯಾ? ಅಣ್ಣ ಜೀವ ಬಿಟ್ಟದ್ದೇ ಇವಳಿಗಾಗಿ. ಒಂದು ದಿನವಾದ್ರೂ ಅವನಿಗೆ ಬಿಡಿ."

"ಇವಳಿಗಾಗಿ ಅಲ್ಲ ಶಂಕರ," ಎಂದಳು ಅಮ್ಮ. "ಅವ್ರು ಹೊರಡೋ ಹೊತ್ತಿಗೇ ಇವಳು ಹುಟ್ಟಿ ಆಗಿತ್ತು. ಅತ್ತೆಯೇ ಹೆರಿಗೆ ಮಾಡ್ಸಿದ್ರು. ಅವ್ರು ಕಳಸಕ್ಕೆ ಹೋಗಿದ್ದು ಸಕ್ಕರೆ ತರ್ಲಿಕ್ಕೆ. ಊರಿಗೆ ಹಂಚಬೇಕು, ಈಗ್ಲೇ ಹೋಗಿ ಅಂತ ಕಳ್ಸಿದ್ದು ನಾನು. ಜನ ನರ್ಸು ಅಂದ್ರು, ನಾನು ಬಾಯಿ ಮುಚ್ಕೊಂಡೆ. ಅತ್ತೆಯೂ ಸಾಯೋವರೆಗೆ ಬಾಯಿ ಬಿಡ್ಲಿಲ್ಲ."

ಚಿಕ್ಕಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನುಂಗಿದವಳು ಎಂದು ನೆಂಟರು ಅಂದಾಗಲೆಲ್ಲ ಅಮ್ಮ ಅಲ್ಲೇ ಇದ್ದಳು, ಕೇಳಿಸಿಕೊಂಡಿದ್ದಳು. ಅವಳ ಹೊರೆಯನ್ನು ಇಷ್ಟು ವರ್ಷ ನಾನು ಹೊತ್ತಿದ್ದೆ. ಬಟ್ಟಲನ್ನು ಕಿತ್ತು ಎಸೆಯಬೇಕೆನ್ನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆಯೇ.

"ಹಂಗಾದ್ರೆ ಅಪ್ಪ ನನ್ನನ್ನ ನೋಡಿದ್ರಾ?"

"ನೋಡಿದ್ರಾ ಅಂತೀಯಲ್ಲ," ಎಂದಳು ಅಮ್ಮ. "ಎತ್ತಿಕೊಂಡವ್ರು ಕೆಳಗಿಡ್ಲಿಕ್ಕೇ ಒಪ್ಲಿಲ್ಲ. ಬೈದು, ನಿನ್ನ ಕಿತ್ಕೊಂಡು ಕಳ್ಸಿದ್ದು ನಾನೇ."

ನಾನು ಜಡೆ ಬಿಚ್ಚಿ ಮಣೆಯ ಮೇಲೆ ಕುಳಿತೆ.