ಹೊಂಬಾಳಯ್ಯನ ನಾಲಿಗೆ

ಕೊಳವೆಯ ಬಾಯಿಂದ ಆವಿಯ ಒಂದು ಎಳೆ ಏಳುತ್ತಿತ್ತು. ಮೊದಲು ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ, ಆಮೇಲೆ ಹಾಲಿನ ಬಣ್ಣಕ್ಕೆ, ಇನ್ನೂ ಕಾದರೆ ನೀಲಿಗೆ. ಆ ಕಾರ್ಖಾನೆ ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ಎಳೆ, ಅದರ ಹಿಂದಿನ ಮಸಿ ಹಿಡಿದ ಗೋಡೆ, ಎದುರಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತ ಹೊಂಬಾಳಯ್ಯ.

ಹಿಂದೆ ಅದು ಕಡಲೆಕಾಯಿ ಎಣ್ಣೆಯ ಮಿಲ್ಲು. ನಂಜರಾಜಯ್ಯನವರು ಅದನ್ನು ಕೊಂಡು ಉಬ್ಬಸದವರಿಗೆ ಮದ್ದಿನ ಕೊಳವೆ ಮಾಡಿಸುತ್ತಿದ್ದರು. ಕೊಳವೆಯೊಳಗೆ ಉಗುರಿನಷ್ಟು ಉಕ್ಕಿನ ತಗಡು, ಅದರ ಮೇಲೆ ಆಡುಸೋಗೆ ಸೊಪ್ಪಿನ ಮದ್ದು, ಸುತ್ತ ತಾಮ್ರದ ತಂತಿಯ ಸುರುಳಿ. ಸುರುಳಿ ಸುತ್ತುವುದು ನನ್ನ ಕೆಲಸ. ಕರೆಂಟು ಕೊಟ್ಟರೆ ತಂತಿ ತಗಡನ್ನು ಮುಟ್ಟದೆಯೇ ತಗಡು ಕಾಯುತ್ತಿತ್ತು. ಶಾಖ ಕಡಿಮೆಯಾದರೆ ಮದ್ದು ಆವಿಯಾಗದು. ಹೆಚ್ಚಾದರೆ ಎಳೆದವರ ತುಟಿ, ಗಂಟಲು ಬೇಯುತ್ತದೆ. ಕೊಳವೆಯನ್ನು ಬಾಯಿಗಿಟ್ಟು ಎಳೆದು ನೋಡಿ ಹೊಂಬಾಳಯ್ಯ ‘ಸಾಕು’ ಅಂದಾಗ ಪಕ್ಕದಲ್ಲಿ ಕೆಲಸ ಮಾಡುವ ಕೆಂಪರಾಮು ಶಾಖ ಅಲ್ಲಿಗೇ ನಿಲ್ಲುವಂತೆ ತಿರುಪು ಬಿಗಿಯುತ್ತಿದ್ದ.

ಹೊಂಬಾಳಯ್ಯನ ಹೆಂಡತಿ ಸಣ್ಣಮ್ಮನಿಗೇ ಉಬ್ಬಸ. ಕೆಲಸಗಾರರ ಮನೆಗೆ ಕೊಳವೆ, ಮದ್ದು ಬಿಟ್ಟಿ ಸಿಗುತ್ತಿತ್ತು. “ಈ ಸ್ಟೂಲಿನಿಂದ ನಾನು ಎದ್ದ ದಿನ ಅವಳ ಉಸ್ರು ನಿಂತಂಗೇ ಕಣವ್ವ,” ಎಂದು ಅವನು ನನ್ನೊಡನೆ ಎಷ್ಟೋ ಸಲ ಹೇಳಿದ್ದ.

ಒಂದು ಬೇಸಿಗೆಯಲ್ಲಿ, ದೊಡ್ಡ ವ್ಯಾಪಾರಿಗಳು ನೋಡಲು ಬರುತ್ತಾರೆಂದು ಯಜಮಾನರು ಗೋಡೆಗೆಲ್ಲ ಸುಣ್ಣ ಹೊಡೆಸಿದರು. ಮಾರನೆಯ ದಿನ ಹೊಂಬಾಳಯ್ಯ ತನ್ನ ಸ್ಟೂಲನ್ನು ಎಳೆದು ತಂದು ನನ್ನ ಎದುರಿಗೆ ಹಾಕಿಕೊಂಡ.

“ಆ ಕಡೆ ತಿರುಗಬೇಡ ಕಣವ್ವ, ಹಿಂಗೇ ಕೂತಿರು. ನಾಳೀಕೂ ಈ ಕಪ್ಪು ಸೀರೇನೇ ಉಟ್ಕೊಂಡು ಬಾ.”

ಕೆಂಪರಾಮು ಬಿಡುತ್ತಾನೆಯೆ? “ಏನಣ್ಣೋ, ಹಲ್ಲು ಉದುರಿದ ಮ್ಯಾಲೆ ಕಣ್ಣು ಚುರುಕಾದಂಗೈತೆ! ಸಣ್ಣಮ್ಮಂಗೆ ಹೇಳ್ಕಳುಸ್ಲಾ?” ಅಂದ. ಎಲ್ಲರೂ ನಕ್ಕರು. ಹೊಂಬಾಳಯ್ಯನೂ ತಲೆ ತಗ್ಗಿಸಿಕೊಂಡು ನಕ್ಕ. ನನಗೆ ಸಿಟ್ಟು ಬಂತು. ಆದರೆ ಕೆಲಸಕ್ಕೆ ಉಡಲು ಬೇರೆ ಸೀರೆ ಇಲ್ಲದ್ದರಿಂದ ಅದನ್ನೇ ಉಟ್ಟು ಹೋಗುತ್ತಿದ್ದೆ.

ವ್ಯಾಪಾರಿಗಳಿಗೆ ತೋರಿಸಲೆಂದೇ ಯಜಮಾನರು ಒಂದು ‘ಕಣ್ಣು’ ತರಿಸಿದರು. ಹುರುಳಿಕಾಳಿನಷ್ಟು ಗಾಜು. ತಗಡಿಗೆ ಏನನ್ನಾದರೂ ಮುಟ್ಟಿಸಿ ಶಾಖ ಅಳೆಯಲು ಹೋದರೆ ಮುಟ್ಟಿದ್ದೂ ಕಾದು ಅಳತೆ ತಪ್ಪುತ್ತಿತ್ತು. ಈ ಕಣ್ಣು ದೂರದಿಂದ ನೋಡಿಯೇ ಶಾಖ ಹೇಳುತ್ತಿತ್ತು. ಅದೇ ವಾರ ನಮಗೆಲ್ಲ ಬಿಳಿ ಕೋಟು ಹಂಚಿದರು. ನನ್ನ ಸೀರೆ ಕೋಟಿನೊಳಗೆ ಮುಚ್ಚಿಹೋಯಿತು.

“ನೋಡು ಹೊಂಬಾಳಯ್ಯ, ಎಷ್ಟು ಬಿಸಿ ಅಂತ ಇದಕ್ಕೆ ಗೊತ್ತು. ಎಷ್ಟಾದರೆ ಸಾಕು ಅಂತ ಗೊತ್ತಿಲ್ಲ. ನೀನು ‘ಸಾಕು’ ಅಂದ ಕಡೆ ನಾನು ಗುರುತು ಹಾಕ್ಕೋತೀನಿ,” ಎಂದರು ಯಜಮಾನರು.

“ಆಮ್ಯಾಕೆ ನಾನು, ಸ್ವಾಮಿ?”

“ಇರ್ತೀಯ ಬಿಡು. ಕಣ್ಣಿಗೆ ಧೂಳು ಕೂತರೆ ಒರೆಸೋಕೂ ಒಬ್ಬ ಬೇಕಲ್ಲ.”

ಕೊಳವೆ ಕಾಯತೊಡಗಿತು. ಆವಿಯ ಎಳೆ ಎದ್ದಿತೋ ಇಲ್ಲವೋ, ನನಗೆ ಕಾಣಲಿಲ್ಲ. ಬಿಳಿ ಗೋಡೆ, ಬಿಳಿ ಕೋಟು. ಹೊಂಬಾಳಯ್ಯ ನನ್ನ ಕೋಟನ್ನು ನೋಡಿದ, ಮುಖ ನೋಡಿದ, ಒಂದು ಸಲ ಎಳೆದ. “ಸಾಕು,” ಅಂದಾಗ ದನಿ ಇರಲೇ ಇಲ್ಲ. “ಗಟ್ಟಿಯಾಗಿ ಹೇಳು,” ಅಂದರು. “ಸಾಕು ಸ್ವಾಮಿ.” ಗುರುತು ಬಿತ್ತು.

ತಿಂಗಳು ತುಂಬುವುದರೊಳಗೆ ಕೊಳವೆಗಳು ಚೀಲಗಟ್ಟಲೆ ಹಿಂದಕ್ಕೆ ಬಂದವು. ಕೊಂಡವರ ಗಂಟಲಲ್ಲಿ ಬೊಬ್ಬೆ ಎದ್ದಿದ್ದವು. ಯಜಮಾನರು ಬೈಯಲಿಲ್ಲ, ಕೂಗಾಡಲಿಲ್ಲ. ಶುಕ್ರವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಬೋಂಡ ಕರಿಸಿದರು. ಬಾಣಲೆಯಿಂದ ಆಗ ತಾನೇ ತೆಗೆದದ್ದನ್ನು ಎಲೆಯಲ್ಲಿಟ್ಟು, ತಾವೇ ಹೊಂಬಾಳಯ್ಯನಿಗೆ ಕೊಟ್ಟರು.

“ದಿನಾ ನಮಗೋಸ್ಕರ ಬಿಸಿ ಎಳೀತೀಯ. ಮೊದಲ ತುತ್ತು ನಿನ್ನದೇ. ತಿನ್ನು, ತಿನ್ನು.”

ಕೆಂಪರಾಮು ಪಕ್ಕದವನನ್ನು ಮೊಣಕೈಯಿಂದ ತಿವಿಯುವುದನ್ನು ಕಂಡೆ. ಸುಡುತ್ತದೆ, ಬೇಡವೆಂದು ಹೊಂಬಾಳಯ್ಯನಿಗೆ ಕಾಣುವಂತೆ ನನ್ನ ತುಟಿ ಮುಟ್ಟಿಕೊಂಡೆ. ತನ್ನ ಮೀಸೆಗೆ ಏನೋ ಅಂಟಿದೆ ಅಂದುಕೊಂಡು ಅವನು ಅಂಗೈಯಿಂದ ಒರೆಸಿಕೊಂಡ, ನನ್ನತ್ತ ನಕ್ಕ, ಇಡೀ ಬೋಂಡವನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

“ಬಲು ರುಚಿಯಾಗೈತೆ ಸ್ವಾಮಿ,” ಅಂದ. ಮಾತಿನ ಜೊತೆ ಬಾಯಿಂದ ಬಿಳಿ ಹಬೆ ಬಂತು.

ಎಲ್ಲರಿಗಿಂತ ಮೊದಲು ನಕ್ಕವನು ಕೆಂಪರಾಮು. ಯಜಮಾನರು ನಗಲಿಲ್ಲ. “ಈ ನಾಲಿಗೆ ಸತ್ತು ಎಷ್ಟು ದಿನವಾಯ್ತು?” ಎಂದು ಕೇಳಿದರು.

ಹೊಂಬಾಳಯ್ಯ ಬಾಯಲ್ಲಿದ್ದುದನ್ನು ನುಂಗಿದ. “ನಿಮ್ಮ ಕೊಳವೆ ಎಳೆದೆಳೆದು ಯಾವತ್ತೋ ಸತ್ತೋಗೈತೆ. ನಾನು ಆವಿ ಬಣ್ಣ ನೋಡಿ ಹೇಳ್ತಿದ್ದೆ. ಮಸಿ ಗೋಡೆ ಮ್ಯಾಲೆ ಚಂದಾಗಿ ಕಾಣೋದು. ಸುಣ್ಣ ಬಳಿದ ಮ್ಯಾಲೆ ಈ ತಾಯಿ ಸೀರೆ ಮ್ಯಾಲೆ ನೋಡ್ಕತಿದ್ದೆ. ನೀವು ಬಿಳಿ ಕೋಟು ತೊಡಿಸ್ಬುಟ್ರಿ.”

“ಮೊದಲೇ ಬಾಯಿ ಬಿಡೋಕೆ ಏನಾಗಿತ್ತು?”

“ಹೇಳಿದ್ರೆ ಇಟ್ಕತಿದ್ರಾ?”

“ಮನೆಯಲ್ಲಿರೋ ಕೊಳವೆ, ಮದ್ದು ನಾಳೆ ತಂದೊಪ್ಪಿಸು,” ಅಂದರು. ಆಮೇಲೆ ಮುಂದಿನ ಬೋಂಡವನ್ನು ಊದಿ ಊದಿ ಆರಿಸಿಕೊಂಡು ತಿಂದರು.

ಸೋಮವಾರ ನಾವು ಹೋಗುವಷ್ಟರಲ್ಲಿ ಸ್ಟೂಲಿನ ಎದುರಿನ ಗೋಡೆಗೆ ಕಪ್ಪು ಬಣ್ಣ ಬಳಿದಾಗಿತ್ತು. ಆವಿಯ ಎಳೆ ಅದರ ಮೇಲೆ ಸ್ಪಷ್ಟವಾಗಿ ಏಳುತ್ತಿತ್ತು. ಹೊಂಬಾಳಯ್ಯನ ಸ್ಟೂಲಿನ ಮೇಲೆ ಕೂತ ಕೆಂಪರಾಮು ನೋಡಿ ‘ಸಾಕು’ ಅಂದ, ಕಣ್ಣಿಗೆ ಹೊಸ ಗುರುತು ಬಿತ್ತು. ಆಮೇಲೆ ಹೋದ ಕೊಳವೆಗಳ ಮೇಲೆ ಒಂದು ದೂರೂ ಬರಲಿಲ್ಲ.

ಚಳಿ ಶುರುವಾದ ಮೇಲೆ ಸಣ್ಣಮ್ಮನ ಉಸಿರು ಬೀದಿಗೆ ಕೇಳುತ್ತದೆಂದು ಜನ ಆಡಿಕೊಂಡರು. ಒಳ್ಳೆಯ ಕೊಳವೆಗಳನ್ನು ಬೀಗ ಹಾಕಿ ಇಡುತ್ತಿದ್ದರು. ಹಿಂದಕ್ಕೆ ಬಂದವು ಮಾತ್ರ ಮೂಲೆಯ ಚೀಲದಲ್ಲಿ ಬಿದ್ದಿದ್ದವು. ಅದರಿಂದ ಒಂದನ್ನು ತೆಗೆದು, ಸೆರಗಿನಲ್ಲಿ ಒಂದಿಷ್ಟು ಮದ್ದು ಗಂಟುಕಟ್ಟಿಕೊಂಡು ಒಂದು ಸಂಜೆ ಅವರ ಮನೆಗೆ ಹೋದೆ. ಸಣ್ಣಮ್ಮ ಗೋಡೆಗೊರಗಿ, ಎರಡೂ ಕೈಯನ್ನು ನೆಲಕ್ಕೂರಿ, ಹೆಗಲು ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು.

“ಇದು ಜಾಸ್ತಿ ಕಾಯುತ್ತೆ ಅಕ್ಕ. ಹುಷಾರು,” ಅಂದೆ.

ಹೊಂಬಾಳಯ್ಯ ಮದ್ದು ಹಾಕಿ ಕಾಯಿಸಿ, ಹಳೆಯ ರೂಢಿಯಂತೆ ಮೊದಲು ತಾನೇ ಎಳೆದ. ಬಹಳ ಹೊತ್ತು ಎಳೆದ. ಸಂಜೆಯ ಮಬ್ಬಿನಲ್ಲಿ ಆವಿಯ ಬಣ್ಣ ತಿಳಿಯದೆ, ‘ಸಾಕು’ ಅನ್ನಲಾರದೆ ಕೊಳವೆಯನ್ನು ಕೈಯಲ್ಲೇ ಹಿಡಿದು ಕೂತ. ಸಣ್ಣಮ್ಮ ಅದನ್ನು ಕಿತ್ತುಕೊಂಡು ಬಾಯಿಗಿಟ್ಟಳು. ಅವಳ ಮೈ ಒಮ್ಮೆ ಜಗ್ಗಿತು. ಆದರೆ ಕೊಳವೆ ಬಿಡಲಿಲ್ಲ. ಎದೆಯೊಳಗಿನ ಸೀಟಿ ನಿಧಾನವಾಗಿ ತಗ್ಗಿತು.

“ಸುಡ್ತಾ ಸಣ್ಣಿ?” ಎಂದು ಅವನು ಅವಳ ಮುಖದ ಹತ್ತಿರಕ್ಕೆ ಬಗ್ಗಿ ಕೇಳಿದ.

“ಇಲ್ಲ ಬುಡು. ಹಿತವಾಗೈತೆ.”

ಅವನು ನನ್ನ ಕಡೆ ನೋಡಿದ. ನಾನು ಸೆರಗಿನಲ್ಲಿ ಉಳಿದಿದ್ದ ಮದ್ದಿನ ಗಂಟು ಬಿಚ್ಚತೊಡಗಿದೆ. ಸಣ್ಣಮ್ಮ ಕೆಳದುಟಿಯನ್ನು ಒಳಕ್ಕೆ ಮಡಿಸಿ ಹಲ್ಲಿನಡಿಯಲ್ಲಿ ಬಚ್ಚಿಟ್ಟುಕೊಂಡು, ಇನ್ನೊಮ್ಮೆ ಕಾಯಿಸಿಕೊಡೆಂದು ಕೊಳವೆಯನ್ನು ಗಂಡನ ಕಡೆಗೆ ಚಾಚಿದಳು.