ಹೊಸ್ತಿಲ ಮೇಲಿನ ಕೈ

ಒದ್ದೆ ಮರದ ವಾಸನೆ, ಯಾರೋ ಈಗಷ್ಟೇ ಚರ್ಚಿನ ಹೊಸ್ತಿಲು ಒರೆಸಿದ್ದಾರೆ, ಅಜ್ಜಿಯಲ್ಲ, ನಲವತ್ತು ವರ್ಷ ಒರೆಸಿದ ಅಜ್ಜಿ ಇವತ್ತು ಹಿಂದಿನ ಬೆಂಚಿನಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದಾಳೆ, ರಾಣಿಯ ಹಾಗೆ — ಮೊಮ್ಮಗಳು ಇಲ್ಲಿ, ಗಂಡಸರ ಎತ್ತರಕ್ಕೆ ಮಾಡಿಸಿದ ಪ್ರಸಂಗಪೀಠದ ಹಿಂದೆ, ಅಜ್ಜಿ ಜೇಡರಬಲೆ ತೆಗೆಯಲು ಹತ್ತುತ್ತಿದ್ದ ಕುಂಟು ಸ್ಟೂಲಿನ ಮೇಲೆ ನಿಂತಿದ್ದಾಳೆ, ಮುಂದಿನ ಸಾಲಿನಲ್ಲಿ ಮೂವರು ಪರೀಕ್ಷಕರು, ಗೆದ್ದರೆ ಬೋಧಕಿ, ಸೋತರೆ ಮತ್ತೆ ಮಕ್ಕಳಿಗೆ ಹಾಡು ಕಲಿಸುವುದೇ ಗತಿ, ಬೇರೆ ಭಾಗ ತಗೊಳ್ಳಮ್ಮ, ಅಂದಿದ್ದರು ಅವರಲ್ಲಿ ಹಿರಿಯ ಮೇಷ್ಟ್ರು ನಿನ್ನೆ, ಆ ಲೇವಿಯನ ಕಥೆ ಬೈಬಲಲ್ಲಿದ್ರೂ ಪೀಠದಿಂದ ಯಾರೂ ಓದಲ್ಲ, ಹೆಂಗಸರು ಕೂತಿರ್ತಾರೆ, ಹೆಂಗಸರು ಕೂತಿರ್ತಾರೆ ಅಂತಲೇ ಓದೋದು ಸಾರ್, ಎಲ್ಲಿಂದ ಬಂತೋ ಆ ಬಾಯಿ, ಅಲ್ಲಮ್ಮ, ಆ ಲೇವಿಯನ ಹೆಂಡತೀನೂ ಗಂಡನ್ನ ಬಿಟ್ಟು ತವರಿಗೆ ಓಡಿದ್ದಳು, ಮೊದಲು ಅದನ್ನ ಹೇಳಬೇಕಾಗುತ್ತೆ — ಮೊದಲು! ಗಂಡ ತವರಿನಿಂದ ಕರೆತರುವ ದಾರಿಯಲ್ಲಿ ತಂಗಿದ್ದ ಮನೆಯನ್ನು ಪುಂಡರು ಸುತ್ತುಗಟ್ಟಿದಾಗ ತನ್ನ ಜೀವ ಉಳಿಸಿಕೊಳ್ಳಲು ಆ ಗಂಡನೇ ಅವಳನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡ, ರಾತ್ರಿಯೆಲ್ಲ ಪುಂಡರ ಕೈಗೆ ಸಿಕ್ಕು ಬೆಳಕು ಹರಿಯುವಾಗ ಅವಳು ಅದೇ ಬಾಗಿಲಿಗೆ ಬಂದು ಬಿದ್ದಿದ್ದಳು, ಕೈ ಹೊಸ್ತಿಲ ಮೇಲೆ, ದಪ್ಪ ದಪ್ಪ ವ್ಯಾಖ್ಯಾನಗಳೆಲ್ಲ ಅವಳ ತಪ್ಪನ್ನೇ ತೂಗಿದವು, ಪಾದ್ರಿಯ ಹೆಂಡತಿ ಅಡಿಗೆಮನೆಯಲ್ಲಿ ಪಿಸುದನಿಯಲ್ಲಿ ಓದಿಹೇಳಿದ್ದನ್ನು ಕೇಳಿದ ಅಕ್ಷರ ಬಾರದ ಅಜ್ಜಿ ಮಾತ್ರ ಅಂದಿನಿಂದ ಹೊಸ್ತಿಲಿಗೆ ಬಂದರೆ ಬ್ರಷ್ ಬದಿಗಿಟ್ಟು ಬರೀ ಅಂಗೈಯಲ್ಲಿ ಒರೆಸುತ್ತಿದ್ದಳು, ಯಾಕಜ್ಜಿ, ಅಲ್ಲೊಬ್ಬಳ ಕೈ ಇದೆ ಕಣೇ, ಉಜ್ಜಿದ್ರೆ ನೋಯುತ್ತೆ.

ಕಥೆ ಅಂದ್ರೆ ಕಾದ ನೀರು ಮಗಾ, ಸುರಿಯೋ ಮುಂಚೆ ಕೆಳಗೆ ಯಾರಿದಾರೆ ನೋಡ್ಕೋ, ಅನ್ನುತ್ತಿದ್ದಳು ಅಜ್ಜಿ, ಮೊಮ್ಮಗಳು ನೋಡಿಕೊಂಡಳು, ಮೂರನೇ ಬೆಂಚಿನಲ್ಲಿ ಟೈಲರ್ ಅಕ್ಕ, ಕತ್ತಿನ ಕಲೆ ಮುಚ್ಚುವ ಹಾಗೆ ಸೆರಗು, ಹೋದ ವರ್ಷ ಇದೇ ಪೀಠದಿಂದ ಸಹಿಸಿಕೋ, ತಿರುಗಿ ಗಂಡನ ಮನೆಗೆ ಹೋಗು ಎಂದು ಕೇಳಿಸಿಕೊಂಡು ಹೋದವಳು, ಹೋಗಿ ಆ ಕಲೆ ತಂದವಳು — ಅಕ್ಕನ ಕಡೆಗೇ ತಿರುಗಿ ಓದಿದಳು, ಒಂದು ಸಾಲೂ ಬಿಡದೆ, ತಪ್ಪು ಬಾಗಿಲು ಹಾಕಿಕೊಂಡವನದು, ಅವಳದಲ್ಲ, ಎಂದಳು, ದನಿ ನಡುಗಲಿಲ್ಲ, ಸ್ಟೂಲು ನಡುಗಿತು ಅಷ್ಟೇ, ಅಕ್ಕ ತಲೆ ಎತ್ತಿದಳು, ಸೆರಗು ಜಾರಿತು, ಸರಿಮಾಡಿಕೊಳ್ಳಲಿಲ್ಲ, ಮೊಮ್ಮಗಳ ಎದೆಯೊಳಗೆ ಏನೋ ಗರಿಗೆದರಿತು, ಇದು ನಮ್ಮಜ್ಜಿಯ ಪಾಠ, ಅಂಕ ಎಷ್ಟಾದರೂ ಕೊಡಲಿ, ಹಿರಿಯ ಮೇಷ್ಟ್ರು ಪೆನ್ನು ಮುಚ್ಚಿದರು, ಎದ್ದರು, ಸಿಟ್ಟಿನ ಹೆಜ್ಜೆ, ದಡದಡ, ಬಾಗಿಲವರೆಗೆ, ಒದ್ದೆ ಹೊಸ್ತಿಲ ಮುಂದೆ ನಿಂತರು, ದಾಟಲು ಎತ್ತಿದ ಕಾಲು ಎತ್ತಿದಂತೆಯೇ ಇದೆ, ಕೆಳಗಿಳಿಯುತ್ತಿಲ್ಲ, ಮೇಷ್ಟ್ರು ನೋಡುತ್ತಿದ್ದಾರೆ, ಹೊಸ್ತಿಲ ಮೇಲೆ, ಅಲ್ಲೇ — ಆ ಕಥೆಯವಳ ಕೈ